ಆರೋಗ್ಯ ಕೇಂದ್ರಗಳಲ್ಲಿ ಕೀಟೋನ್ ಪರೀಕ್ಷೆ ಸಿಗಲಿ

ಮಾನ್ಯರೇ,

ದೇಹ ಆಮ್ಲೀಯವಾಗುವುದೇ ಎಲ್ಲ ಕಾಯಿಲೆಗಳಿಗೂ ಮೂಲವೆಂದು ನಂಬಿಸಿ ಕ್ಷಾರೀಯ ನೀರಿನ ಯಂತ್ರ ಮಾರುವವರು ತುಮಕೂರಿನ ಬಡಾವಣೆಗಳಿಗೂ ಬರತೊಡಗಿದ್ದಾರೆ. ಕುಡಿದ ಆ ನೀರು ಜಠರದ ಆಮ್ಲದೊಡನೆ ಬೆರೆತು ತನ್ನ ಕ್ಷಾರಗುಣವನ್ನು ಕಳೆದುಕೊಳ್ಳುತ್ತದೆ. ರಕ್ತದ ಪಿಎಚ್ ಅನ್ನು, ಅಂದರೆ ಇಳಿದಷ್ಟೂ ಆಮ್ಲ ಹೆಚ್ಚಿದೆಯೆಂದು ತೋರಿಸುವ ಅಳತೆಯನ್ನು, 7.35ರಿಂದ 7.45ರ ನಡುವೆ ಕಾಯುವುದು ಶ್ವಾಸಕೋಶ ಮತ್ತು ಮೂತ್ರಪಿಂಡಗಳ ಕೆಲಸ.

ಈ ಸಮತೋಲನ ನಿಜವಾಗಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಪಿಎಚ್ 7.4ರಿಂದ 7.1ಕ್ಕೆ ಇಳಿಯುವುದು ಅಂಕಿಯಲ್ಲಿ ಅಲ್ಪವೆನಿಸಿದರೂ ಅಷ್ಟರಲ್ಲಿ ರಕ್ತವನ್ನು ಆಮ್ಲೀಯವಾಗಿಸುವ ಹೈಡ್ರೋಜನ್ ಅಯಾನುಗಳು ಇಮ್ಮಡಿಯಾಗಿರುತ್ತವೆ. ತೀವ್ರ ಭೇದಿಯಲ್ಲಿ ಕರುಳಿನಿಂದ ಬೈಕಾರ್ಬನೇಟ್ ಎಂಬ ಕ್ಷಾರ ನಷ್ಟವಾಗಿ ರಕ್ತ ಆಮ್ಲದ ಕಡೆಗೆ ವಾಲುತ್ತದೆ. ಓಆರ್‌ಎಸ್ ಪುಡಿಯಲ್ಲಿ ಸಿಟ್ರೇಟ್ ಸೇರಿಸಿರುವುದು ಇದನ್ನು ಸರಿಪಡಿಸಲೆಂದೇ. ಸತತ ವಾಂತಿಯಲ್ಲಾದರೋ ಜಠರದ ಆಮ್ಲವೇ ಹೊರಹೋಗುವುದರಿಂದ ಪರಿಣಾಮ ಇದಕ್ಕೆ ವಿರುದ್ಧ. ಮೂತ್ರಪಿಂಡ ವೈಫಲ್ಯ, ರಕ್ತದ ನಂಜು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳೂ ರಕ್ತ ಆಮ್ಲೀಯವಾಗಲು ಕಾರಣವಾಗುತ್ತವೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಧುಮೇಹಿಗಳ ಸ್ಥಿತಿ. ಜ್ವರ ಬಂದು ಊಟ ಸೇರದಿದ್ದಾಗ ಇನ್ಸುಲಿನ್ ಬೇಡವೆಂದು ತಾವೇ ತೀರ್ಮಾನಿಸಿ ನಿಲ್ಲಿಸುವವರು ಅನೇಕರಿದ್ದಾರೆ. ಇನ್ಸುಲಿನ್ ಸಾಲದಾದಾಗ ದೇಹವು ಕೊಬ್ಬನ್ನು ಕರಗಿಸತೊಡಗಿ, ಕೀಟೋನ್ ಆಮ್ಲಗಳು ರಕ್ತದಲ್ಲಿ ಶೇಖರವಾಗುತ್ತವೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ ಕಾಣಿಸಿಕೊಂಡು, ಬಳಿಕ ಉಸಿರಾಟ ಆಳವೂ ವೇಗವೂ ಆಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೊರದೂಡಿ ಆಮ್ಲವನ್ನು ತಗ್ಗಿಸಲು ದೇಹ ನಡೆಸುವ ಈ ಪ್ರಯತ್ನವನ್ನು ಆಸ್ತಮಾ ಎಂದೋ, ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದೋ ಭಾವಿಸಿ ಕಾಯುತ್ತ ಕುಳಿತರೆ ಚಿಕಿತ್ಸೆಯ ಅಮೂಲ್ಯ ಗಂಟೆಗಳು ಕಳೆದುಹೋಗುತ್ತವೆ. ಮಗುವಿಗೆ ಮಧುಮೇಹವಿದೆಯೆಂಬುದು ಹೆತ್ತವರಿಗೆ ಮೊದಲು ತಿಳಿಯುವುದೇ ಎಷ್ಟೋ ಸಲ ಈ ಹಂತದಲ್ಲಿ.

ಪಾವಗಡದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 100 ಕಿ.ಮೀ. ದೂರ. ರಕ್ತದ ಅನಿಲಗಳನ್ನು ಅಳೆಯುವ ದುಬಾರಿ ಯಂತ್ರ ಪ್ರತಿ ಹೋಬಳಿಯಲ್ಲೂ ಇರಬೇಕೆಂದು ನಾನು ಕೇಳುವುದಿಲ್ಲ. ಆದರೆ ಗ್ಲುಕೋಮೀಟರ್ ಮತ್ತು ಮೂತ್ರದಲ್ಲಿ ಕೀಟೋನ್ ಪತ್ತೆಮಾಡುವ ಅಗ್ಗದ ಪಟ್ಟಿಗಳು ಜಿಲ್ಲೆಯ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲಿರುಳೂ ಲಭ್ಯವಿರಬೇಕು. ಕೀಟೋನ್ ಕಂಡುಬಂದ ರೋಗಿಗೆ ಅಲ್ಲಿಯೇ ಸಲೈನ್ ಆರಂಭಿಸಿ ಆಂಬುಲೆನ್ಸ್‌ನಲ್ಲಿ ಕಳುಹಿಸುವ ವ್ಯವಸ್ಥೆಯಾಗಬೇಕು. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಬಗ್ಗೆ ಕೂಡಲೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ತುಮಕೂರು