ಇಟಲಿ ಲೀಗ್ ವೃದ್ಧಾಶ್ರಮವಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ನಾನು ನಿಮ್ಮ ಪತ್ರಿಕೆಯನ್ನು ಓದುವವನು ಮಾತ್ರ ಅಲ್ಲ, ಮನೆಮನೆಗೆ ಹಾಕುವವನೂ ಹೌದು. 1991ರಿಂದ ಮೈಸೂರಿನ ಕುವೆಂಪುನಗರದಲ್ಲಿ ನನ್ನ ಪೇಪರ್ ಲೈನ್ ಇದೆ. ವಯಸ್ಸು 61. ಇಷ್ಟು ವರ್ಷದಲ್ಲಿ ಸಪ್ಲಿಮೆಂಟ್ ಕಡಿಮೆ ಬಂದಾಗ, ವ್ಯಾನ್ ತಡವಾದಾಗ ಫೋನ್ ಮಾಡಿ ಜಗಳ ಆಡಿದ್ದೇನೆಯೇ ಹೊರತು ಪತ್ರ ಬರೆದಿರಲಿಲ್ಲ. ಈಗ ಬರೆಯುತ್ತಿರುವುದು ನಿಮ್ಮ ಕ್ರೀಡಾಪುಟದ ಒಂದು ಹೆಡ್ಡಿಂಗಿನಿಂದ.

ನಲವತ್ತರ ಆಸುಪಾಸಿನ ಇಬ್ಬರು ಫುಟ್ಬಾಲ್ ಆಟಗಾರರು, ಕ್ರೊಯೇಷಿಯಾದ ಲೂಕಾ ಮೋಡ್ರಿಚ್ ಇಟಲಿಯ ಎಸಿ ಮಿಲಾನ್ ತಂಡ ಸೇರಿದ್ದರ ಬಗ್ಗೆ, ಇಂಗ್ಲೆಂಡಿನ ಜೇಮಿ ವಾರ್ಡಿ ಅಲ್ಲಿಯದೇ ಕ್ರೆಮೊನೆಸೆ ತಂಡ ಸೇರಿದ್ದರ ಬಗ್ಗೆ ಬರೆಯುತ್ತಾ ಇಟಲಿ ಲೀಗನ್ನು ‘ಫುಟ್ಬಾಲ್‌ನ ವೃದ್ಧಾಶ್ರಮ’ ಅಂತ ಹಾಕಿದ್ದೀರಿ. ಅವತ್ತು ಬೆಳಗಿನ ಜಾವ ನಾಲ್ಕೂಕಾಲಿಗೆ, ಬಸ್ ಸ್ಟಾಪಿನ ಲೈಟಿನಡಿ ಕೂತು ಪೇಪರ್ ಜೋಡಿಸುತ್ತಿದ್ದೆ. ಮುನ್ನೂರು ಚಿಲ್ಲರೆ ಪ್ರತಿ. ಒಂದೊಂದು ಮಡಿಸುವಾಗಲೂ ಆ ಹೆಡ್ಡಿಂಗು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಸಿಟ್ಟು ಬಾರದೆ ಇರುತ್ತದಾ?

ನನಗೂ ಇಟಲಿಗೂ ಏನು ಸಂಬಂಧ ಅಂತ ಕೇಳಬಹುದು. 1990ರ ವಿಶ್ವಕಪ್ ಇಟಲಿಯಲ್ಲಿ ನಡೆಯಿತು. ದೂರದರ್ಶನದಲ್ಲಿ ತೋರಿಸಿದರು. ಪಕ್ಕದ ಮನೆಯ ಟೀವಿ ಮುಂದೆ ಕೂತು ಇಟಲಿಯ ಆಟಗಾರ ಸ್ಕಿಲಾಚಿ ಕಣ್ಣರಳಿಸಿಕೊಂಡು ಓಡುವುದನ್ನು ನೋಡಿದೆ, ಅಷ್ಟೇ, ಹುಚ್ಚು ಹಿಡಿಯಿತು. ಆಮೇಲೆ ಈ ಕೆಲಸ ಬಂತು. ಇಟಲಿಯಲ್ಲಿ ರಾತ್ರಿ ಎಂಟೂ ಮುಕ್ಕಾಲಿಗೆ ಶುರುವಾಗುವ ಪಂದ್ಯ ನಮಗೆ ಚಳಿಗಾಲದಲ್ಲಿ ಒಂದೂಕಾಲಿಗೆ. ಮುಗಿಯುವಾಗ ಮೂರು ದಾಟುತ್ತದೆ. ಮುಖ ತೊಳೆದು ಒಂದು ಲೋಟ ಕಾಫಿ ಕುಡಿದರೆ ಬಂಡಲ್ ಬರುವ ಹೊತ್ತು. ಬೇರೆಯವರಿಗೆ ನಿದ್ದೆಗೆಡುವ ಲೀಗು, ನನಗೆ ಅಲಾರಂ. ಹೆಂಡತಿಯೂ ಬೈಯುವುದನ್ನು ಬಿಟ್ಟು ತುಂಬಾ ವರ್ಷವಾಯಿತು. ಈಗ ಮಗ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದಾನೆ, ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡುತ್ತೇನೆ.

ವಿಷಯಕ್ಕೆ ಬರುತ್ತೇನೆ. ವೃದ್ಧಾಶ್ರಮ ಅಂದರೆ ಕೆಲಸವಿಲ್ಲದೆ ಕೂರಿಸಿ ಊಟ ಹಾಕುವ ಜಾಗ, ಅಲ್ವಾ? 2025ರ ಸೆಪ್ಟೆಂಬರ್ 9ಕ್ಕೆ ಮೋಡ್ರಿಚ್‌ಗೆ ನಲವತ್ತು ತುಂಬಿತು. ಐದು ದಿನ ಕಳೆದು ಬೊಲೊನ್ಯಾ ವಿರುದ್ಧದ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಅದು ಅವನದ್ದು. ಮಿಲಾನ್ 1-0 ಗೆದ್ದಿತು. ನಾನು ಆ ಪಂದ್ಯ ನೋಡಿದೆ. ಗೋಲಿಗಿಂತ ಬೇರೆ ಒಂದು ನನಗೆ ನೆನಪಿದೆ. ಚೆಂಡು ತನ್ನ ಹತ್ತಿರ ಬರುವ ಮೊದಲೇ ಅವನು ಕತ್ತು ತಿರುಗಿಸಿ ಹಿಂದೆ ಒಂದು ಸಲ ನೋಡುತ್ತಾನೆ, ಇನ್ನೊಂದು ಸಲ ನೋಡುತ್ತಾನೆ. ಚೆಂಡು ಬಂದಾಗ ಎಲ್ಲಿಗೆ ಕೊಡಬೇಕು ಅನ್ನುವ ಲೆಕ್ಕ ಆಗಲೇ ಮುಗಿದಿರುತ್ತದೆ. ಇಪ್ಪತ್ತೆರಡರ ಹುಡುಗ ಅವನ ಮೇಲೆ ಏರಿ ಬರುವಷ್ಟರಲ್ಲಿ ಚೆಂಡು ಅಲ್ಲಿರುವುದಿಲ್ಲ. ಓಟದಲ್ಲಿ ಆ ಹುಡುಗನೇ ಗೆಲ್ಲುತ್ತಾನೆ, ಅದರಲ್ಲಿ ಸಂಶಯ ಇಲ್ಲ. ಆದರೆ ಇವನು ಅವನ ಜೊತೆ ಓಟದ ಪಂದ್ಯಕ್ಕೇ ನಿಲ್ಲುವುದಿಲ್ಲ.

ಇದು ನನ್ನ ಲೈನಿನಲ್ಲೂ ಹೀಗೇ. ನನ್ನ ಜೊತೆ ಕೆಲಸಕ್ಕೆ ಹತ್ತೊಂಬತ್ತರ ಹುಡುಗ ಇದ್ದಾನೆ, ಮೂರನೇ ಮಹಡಿಗೆ ಮೆಟ್ಟಿಲು ಹಾರಿಕೊಂಡು ಹೋಗುತ್ತಾನೆ. ನಾನು ಕೆಳಗಿನಿಂದಲೇ ಸುರುಳಿ ಸುತ್ತಿ ಬಾಲ್ಕನಿಗೆ ಎಸೆಯುತ್ತೇನೆ. ಯಾವ ಗೇಟಿನ ಹಿಂದೆ ನಾಯಿ ಇದೆ, ಯಾವ ಬೀದಿಯನ್ನು ಮೊದಲು ಮುಗಿಸಿದರೆ ಏರು ಕಡಿಮೆ ಅನ್ನುವುದು ನನಗೆ ಗೊತ್ತು. ಒಂದೇ ಸಮಕ್ಕೆ ಮುಗಿಸುತ್ತೇವೆ. ಅವನು ಏದುಸಿರು ಬಿಡುತ್ತಿರುತ್ತಾನೆ. ಸುಮ್ನೆ ಜಂಬಕ್ಕೆ ಹೇಳಿದ್ದಲ್ಲ. ಮಳೆಗಾಲದಲ್ಲಿ ಮಾತ್ರ ಅವನೇ ಮೇಲು, ಒಪ್ಪುತ್ತೇನೆ.

ವಾರ್ಡಿ ವಿಷಯಕ್ಕೆ ಬಂದರೆ, ಇಂಗ್ಲೆಂಡಿನ ಲೆಸ್ಟರ್‌ ತಂಡದಲ್ಲಿ 13 ವರ್ಷ ಆಡಿದವನು 38ನೇ ವಯಸ್ಸಿನಲ್ಲಿ ಕ್ರೆಮೊನಾ ಅನ್ನುವ ಪಿಟೀಲು ಮಾಡುವ ಊರಿಗೆ ಬಂದ. ಸ್ಟ್ರಾಡಿವರಿ ಪಿಟೀಲು ಮಾಡಿದ್ದು ಅಲ್ಲೇ. ಆಗ ತಾನೇ ಮೇಲಿನ ಲೀಗಿಗೆ ಬಡ್ತಿ ಪಡೆದ ಸಣ್ಣ ತಂಡ ಅದು. ದುಡ್ಡು, ಹೆಸರು ಬೇಕಿದ್ದರೆ ಹೋಗಲು ಬೇರೆ ಜಾಗ ಎಷ್ಟು ಬೇಕಾದರೂ ಇತ್ತು. ಚಿಕ್ಕ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಫುಟ್ಬಾಲ್ ಆಡಿದವನು ಅವನು. ಅಂಥವನ ಮೇಲೆ ‘ವೃದ್ಧ’ ಅನ್ನುವ ಪದ ಹಾಕಿದಾಗ ನನಗೆ ಜಾಸ್ತಿ ಬೇಜಾರಾಯಿತು. 2025ರ ಅಕ್ಟೋಬರಿನಲ್ಲಿ ಅಟಲಾಂಟಾ ತಂಡದ ವಿರುದ್ಧ ಇಟಲಿಯಲ್ಲಿ ತನ್ನ ಮೊದಲ ಗೋಲು ಹೊಡೆದ.

ಇದೇನು ಹೊಸ ಕಥೆಯೂ ಅಲ್ಲ. ಲೂಕಾ ಟೋನಿ ಅಂತ ಒಬ್ಬನಿದ್ದ. ಗೋಲು ಹೊಡೆದ ಮೇಲೆ ಕಿವಿ ಹತ್ತಿರ ಕೈ ತಿರುಗಿಸುತ್ತಿದ್ದ, ಬಲ್ಬ್ ಬಿಚ್ಚುವವನ ಹಾಗೆ. 36ನೇ ವಯಸ್ಸಿಗೆ ವೆರೋನಾ ಸೇರಿದ. ಮೊದಲ ಋತುವಿನಲ್ಲಿ 20 ಗೋಲು. ಮುಂದಿನ ವರ್ಷ, 2014-15ರಲ್ಲಿ, 22 ಗೋಲು ಹೊಡೆದು ಇಡೀ ಲೀಗಿನಲ್ಲಿ ಮೊದಲ ಸ್ಥಾನ ಹಂಚಿಕೊಂಡ. ಅವನ ಜೊತೆ ಸಮ ಸಮ ಬಂದ ಇಕಾರ್ಡಿಗೆ ಆಗ ವಯಸ್ಸು 22. ಟೋನಿಗೆ 38. ಆಟ ಬಿಡುವ ಮೊದಲು ವೆರೋನಾದ ಮೈದಾನದಲ್ಲಿ ಕೊನೆಯ ಪಂದ್ಯ ಯುವೆಂಟಸ್ ವಿರುದ್ಧ. ಪೆನಾಲ್ಟಿ ಸಿಕ್ಕಿತು. ಜೋರಾಗಿ ಒದೆಯಲಿಲ್ಲ. ಚೆಂಡನ್ನು ಮೆಲ್ಲಗೆ ಚಿಮ್ಮಿಸಿ, ಬೀಳುವ ಗೋಲ್‌ಕೀಪರ್ ಮೇಲಿಂದ ಒಳಗೆ ಬಿಟ್ಟ. ಅವತ್ತು ವೆರೋನಾ 2-1 ಗೆದ್ದಿತು.

ಫಾಬಿಯೊ ಕ್ವಾಲ್ಯರೆಲ್ಲಾ 2018-19ರಲ್ಲಿ ಸಂಪ್ಡೋರಿಯಾ ಪರ 26 ಗೋಲು ಹೊಡೆದು ಲೀಗಿನ ಮೊದಲಿಗನಾದ. ಸತತ 11 ಪಂದ್ಯಗಳಲ್ಲಿ ಗೋಲು. ಅರ್ಜೆಂಟೀನಾದ ಬಾಟಿಸ್ಟುಟಾ ಇದೇ ಲೀಗಿನಲ್ಲಿ 1994ರಲ್ಲಿ ಮಾಡಿದ್ದ ದಾಖಲೆಯ ಸಮಕ್ಕೆ ಬಂದ. 36ನೇ ವಯಸ್ಸಿನಲ್ಲಿ ಇಟಲಿ ತಂಡಕ್ಕೆ ಮತ್ತೆ ಕರೆ ಬಂತು, ಲಿಖ್ಟೆನ್‌ಸ್ಟೈನ್ ವಿರುದ್ಧ ಎರಡು ಪೆನಾಲ್ಟಿ ಹೊಡೆದು ಇಟಲಿಗೆ ಗೋಲು ಹೊಡೆದವರಲ್ಲೇ ಅತಿ ಹಿರಿಯನಾದ. ಇವನ ಹಿಂದಿನ ಕಥೆ ಕೇಳಿದರೆ ಕರುಳು ಚುರ್ ಅನ್ನುತ್ತದೆ. ವರ್ಷಗಟ್ಟಲೆ ಯಾರೋ ಇವನ ಮೇಲೆ ಸುಳ್ಳು ಪತ್ರ ಬರೆದು ಕಾಡಿದರು. ಸಹಾಯ ಮಾಡುತ್ತೇನೆ ಎಂದು ಜೊತೆಗಿದ್ದ ಪೊಲೀಸಿನವನೇ ಅದನ್ನು ಮಾಡುತ್ತಿದ್ದ ಅಂತ ಕೊನೆಗೆ ಗೊತ್ತಾಯಿತು. ಆ ಗದ್ದಲದಲ್ಲಿ ತನ್ನ ಊರ ಕಡೆಯ ನಾಪೋಲಿ ತಂಡವನ್ನೇ ಬಿಡಬೇಕಾಯಿತು. ಅಲ್ಲಿನ ಜನ ಇವನನ್ನು ದ್ರೋಹಿ ಅಂದರು. ಇಷ್ಟೆಲ್ಲ ಆದಮೇಲೆ 36ಕ್ಕೆ ಅವನ ಒಳ್ಳೆಯ ಕಾಲ ಬಂದದ್ದು.

ರೋಮಾ ತಂಡದ ಟೊಟ್ಟಿ ಬಗ್ಗೆ ಬರೆಯಲು ಹೊರಟರೆ ನಿಮ್ಮ ಪುಟ ಸಾಲದು. ಒಂದೇ ರಾತ್ರಿ ಹೇಳುತ್ತೇನೆ. 2016ರ ಏಪ್ರಿಲ್ 20. ರೋಮಾ, ಟೊರಿನೊ ಎದುರು 1-2 ಹಿಂದೆ. 39ರ ಟೊಟ್ಟಿ ಬೆಂಚಿನ ಮೇಲೆ. ಕೋಚ್‌ಗೂ ಅವನಿಗೂ ಸರಿ ಇರಲಿಲ್ಲ. 86ನೇ ನಿಮಿಷಕ್ಕೆ ಒಳಗೆ ಬಿಟ್ಟರು. ಬಂದವನು ಮೊದಲ ಸಲ ಚೆಂಡು ಮುಟ್ಟಿದ್ದೇ ಗೋಲು. 89ಕ್ಕೆ ಪೆನಾಲ್ಟಿ, ಇನ್ನೊಂದು ಗೋಲು. ರೋಮಾ 3-2. ಸ್ಟ್ಯಾಂಡಿನಲ್ಲಿ ದೊಡ್ಡ ಗಂಡಸರು ಅಳುತ್ತಿದ್ದರು. ನಾನೂ ಮನೆಯಲ್ಲಿ ಒಬ್ಬನೇ ಎದ್ದು ನಿಂತಿದ್ದೆ. ಅವತ್ತು ಎರಡು ಮನೆಗೆ ಇಂಗ್ಲಿಷ್ ಪೇಪರ್ ಬದಲು ನಿಮ್ಮ ಪೇಪರ್ ಹಾಕಿಬಂದೆ.

ಆದರೆ ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡವನು ಫ್ರಾಂಚೆಸ್ಕೊ ಅಚೆರ್ಬಿ. ಇವನ ಫೋಟೊ ನಿಮ್ಮ ಪತ್ರಿಕೆಯಲ್ಲಿ ನಾನು ಒಂದು ಸಲವೂ ನೋಡಿಲ್ಲ. 2013ರಲ್ಲಿ ಸಸ್ಸುವೊಲೊ ತಂಡ ಸೇರುವಾಗ ಮಾಡಿದ ವೈದ್ಯಕೀಯ ಪರೀಕ್ಷೆಯಲ್ಲಿ ವೃಷಣದ ಕ್ಯಾನ್ಸರ್ ಸಿಕ್ಕಿತು. ಆಪರೇಷನ್ ಆಯಿತು, ವಾಪಸ್ ಬಂದ. ಅದೇ ವರ್ಷದ ಕೊನೆಗೆ ಮತ್ತೆ ಬಂತು. ಈ ಸಲ ಡೋಪಿಂಗ್ ಪರೀಕ್ಷೆಯಲ್ಲಿ ಹಾರ್ಮೋನ್ ಜಾಸ್ತಿ ಕಂಡು, ಮೊದಲು ಜನ ಅವನ ಮೇಲೇ ಅನುಮಾನಪಟ್ಟರು. ಕೀಮೋ ಮುಗಿಸಿ ಬಂದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಪಂದ್ಯವನ್ನೇ ತಪ್ಪಿಸಲಿಲ್ಲ. ನನ್ನ ಭಾವನಿಗೂ ಕೀಮೋ ಆಗಿತ್ತು. ಆಸ್ಪತ್ರೆಯ ಎರಡನೇ ಮಹಡಿಗೆ ಹತ್ತಲು ಅವರಿಗೆ ಆಗುತ್ತಿರಲಿಲ್ಲ, ನಾನೇ ಹೆಗಲು ಕೊಟ್ಟು ಕರೆದುಕೊಂಡು ಹೋಗುತ್ತಿದ್ದೆ. ಹಾಗಾಗಿ ಆ ಮನುಷ್ಯ ಮೈದಾನಕ್ಕೆ ಇಳಿಯುವುದನ್ನು ನಾನು ಬೇರೆ ಥರ ನೋಡುತ್ತೇನೆ.

2025ರ ಮೇ 6ರ ರಾತ್ರಿ, ಯೂರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಅಚೆರ್ಬಿ ಆಡುತ್ತಿದ್ದ, ಮಿಲಾನ್ ಊರಿನ ಇನ್ನೊಂದು ತಂಡವಾದ ಇಂಟರ್ ಮೇಲೆ ಸ್ಪೇನಿನ ಬಾರ್ಸಿಲೋನಾ 3-2 ಮುಂದೆ. 90 ನಿಮಿಷ ಮುಗಿದಿತ್ತು. ಎದುರಾಳಿಯಲ್ಲಿ ಹದಿನೇಳರ ಯಮಾಲ್ ಅನ್ನುವ ಹುಡುಗ ಕುಣಿಸಿಬಿಟ್ಟಿದ್ದ. 37ರ ಅಚೆರ್ಬಿ ಡಿಫೆಂಡರ್. ಅವನಿಗೆ ಅಲ್ಲಿ ಏನು ಕೆಲಸ? ಆದರೂ ಗೋಲಿನ ಮುಂದೆ ಹೋಗಿ ನಿಂತಿದ್ದ. 93ನೇ ನಿಮಿಷ. ಎಡಗಾಲಿನ ಆಟಗಾರ, ಬಲಗಾಲಿನಲ್ಲಿ ಒದ್ದ. 3-3. ಅಂಗಿ ಬಿಚ್ಚಿ ಓಡಿದ. ಹೆಚ್ಚುವರಿ ಸಮಯದಲ್ಲಿ ಇಂಟರ್ 4-3 ಗೆದ್ದು ಫೈನಲ್‌ಗೆ ಹೋಯಿತು. ಫೈನಲ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ತಂಡದ ಕೈಯಲ್ಲಿ 5-0 ಸೋತಿತು. ಅದನ್ನೂ ಹೇಳಬೇಕು, ಬಚ್ಚಿಡುವುದಿಲ್ಲ. ಮ್ಯೂನಿಕ್‌ನಲ್ಲಿ ಆ ರಾತ್ರಿ ಪಿಎಸ್‌ಜಿಯ ಹುಡುಗರು ಓಡಿದ್ದಕ್ಕೆ ಇಂಟರ್‌ನವರ ಹತ್ತಿರ ಉತ್ತರ ಇರಲಿಲ್ಲ. ವಯಸ್ಸು ಕಂಡಿತು.

ಅದೇ ತಿಂಗಳಲ್ಲಿ ಇನ್ನೊಂದು. ಮೇ 18ರಂದು ಇಟಲಿ ಲೀಗಿನಲ್ಲಿ ಲಾಜಿಯೊ ವಿರುದ್ಧ ಇಂಟರ್ ಗೆದ್ದಿದ್ದರೆ ನಾಪೋಲಿಯನ್ನು ದಾಟಿ ಒಂದು ಅಂಕ ಮುಂದೆ ಹೋಗುತ್ತಿತ್ತು. ಲಾಜಿಯೊ ತಂಡದ ಪೆಡ್ರೊ, 37 ವರ್ಷದವನು, ಎರಡು ಗೋಲು ಹೊಡೆದ. ಎರಡನೆಯದು 90ನೇ ನಿಮಿಷದ ಪೆನಾಲ್ಟಿ. 2-2. ಐದು ದಿನ ಬಿಟ್ಟು ನಾಪೋಲಿ ಒಂದೇ ಅಂಕದಲ್ಲಿ ಚಾಂಪಿಯನ್ ಆಯಿತು, 82ಕ್ಕೆ 81. ಇಡೀ ವರ್ಷದ ಪ್ರಶಸ್ತಿ ಯಾರಿಗೆ ಅಂತ ತೀರ್ಮಾನ ಮಾಡುವಷ್ಟು ಕೆಲಸ ಅವನ ಕಾಲಿನಲ್ಲಿ ಇನ್ನೂ ಇತ್ತು. ವೃದ್ಧಾಶ್ರಮದಲ್ಲಿ ಇಂಥವರು ಇರುತ್ತಾರಾ ಸಾರ್?

ನಿಮ್ಮ ಕಡೆಯ ವಾದವೂ ನನಗೆ ಗೊತ್ತು. ಇಂಗ್ಲೆಂಡಿನ ತಂಡಗಳ ಹತ್ತಿರ ಇರುವಷ್ಟು ದುಡ್ಡು ಇಟಲಿಯವರ ಹತ್ತಿರ ಇಲ್ಲ. ಕರಾರು ಮುಗಿದು ಪುಕ್ಕಟೆ ಸಿಗುವ ಹಿರಿಯರನ್ನು ಕರೆತರುವುದು ಅವರಿಗೆ ಅಗ್ಗ. ಆಟದ ವೇಗವೂ ಅಲ್ಲಿ ಸ್ವಲ್ಪ ಕಡಿಮೆ. ಗುಂಪಾಗಿ ಹಿಂದೆ ನಿಂತು ಜಾಗ ಕಾಯುವುದು ಹಳೆ ಅಭ್ಯಾಸ, ಅಲ್ಲಿ ಕಾಲಿಗಿಂತ ತಲೆಗೆ ಕೆಲಸ ಜಾಸ್ತಿ. 2020ರಿಂದ ಐದು ಬದಲಿ ಆಟಗಾರರನ್ನು ಇಳಿಸಲು ಬಿಟ್ಟಿದ್ದಾರೆ, ಅರವತ್ತು ನಿಮಿಷ ಆಡಿಸಿ ಕೂರಿಸಬಹುದು. ಇಟಲಿ 2018, 2022ರ ಎರಡೂ ವಿಶ್ವಕಪ್‌ಗೆ ಅರ್ಹತೆ ಪಡೆಯಲಿಲ್ಲ, ಹುಡುಗರಿಗೆ ಅವಕಾಶ ಕೊಡದೆ ಹೀಗಾಯಿತು ಅಂತ ಅಲ್ಲಿಯ ಜನವೇ ಬೈಯುತ್ತಾರೆ. ಇದರಲ್ಲಿ ಸತ್ಯ ಇಲ್ಲ ಅನ್ನಲಾರೆ. ಮಿಲಾನ್ ತಂಡದ ಇಬ್ರಾಹಿಮೊವಿಚ್ 2023ರಲ್ಲಿ 41ನೇ ವಯಸ್ಸಿನಲ್ಲಿ ಉಡಿನೆಸೆ ವಿರುದ್ಧ ಪೆನಾಲ್ಟಿ ಹೊಡೆದು ಲೀಗಿನ ಅತಿ ಹಿರಿಯ ಗೋಲುಗಾರನಾದ, ಆದರೆ ಆ ಪಂದ್ಯ ಮಿಲಾನ್ 3-1 ಸೋತಿತು. ಆ ವರ್ಷ ಅವನು ಆಡಿದ್ದೂ ಬೆರಳೆಣಿಕೆಯಷ್ಟು. ಆ ದಾಖಲೆ ನನಗೆ ಅಷ್ಟೇನೂ ರುಚಿಸಲಿಲ್ಲ.

ಡಿಫೆಂಡರ್ ಮಾಲ್ಡೀನಿಯನ್ನು ನೋಡಿ, ಅದು ಬೇರೆ ತೂಕ. 16ನೇ ವಯಸ್ಸಿಗೆ ಮಿಲಾನ್ ಪರ ಮೊದಲ ಪಂದ್ಯ, 2009ರಲ್ಲಿ 41ಕ್ಕೆ ಕಾಲಿಡುವ ಹೊತ್ತಿಗೆ ಕೊನೆಯದು. ಮಧ್ಯೆ ಬೇರೆ ತಂಡವೇ ಇಲ್ಲ. 2007ರಲ್ಲಿ ಯೂರೋಪಿನ ಕಪ್ ಎತ್ತಿದಾಗ 38 ವರ್ಷ. ಅವನ ಡಿಫೆಂಡಿಂಗ್ ನೋಡಿದರೆ ಅಂಗಿಗೆ ಮಣ್ಣೇ ಆಗುತ್ತಿರಲಿಲ್ಲ. ಗೋಲ್‌ಕೀಪರ್ ಬಲೊಟ್ಟಾ ಲಾಜಿಯೊ ಪರ ಕೊನೆಯ ಸಲ ನಿಂತಾಗ 44 ದಾಟಿತ್ತು.

ನನ್ನ ಕೋರಿಕೆ ಎರಡು. ಒಂದು, ವಯಸ್ಸಾದವರ ಬಗ್ಗೆ ಬರೆಯುವಾಗ ಪಕ್ಕದಲ್ಲಿ ಅವರ ಗೋಲು, ಆಡಿದ ನಿಮಿಷ ಎಷ್ಟು ಅಂತಲೂ ಹಾಕಿ. ಮೋಡ್ರಿಚ್‌ಗೆ 41 ಅಂತ ಮುದ್ರಿಸಿದ್ದೀರಿ, ಅದನ್ನೂ ತಿದ್ದಿ. ಇಷ್ಟು ದಿನ ‘ಅನುಭವಿ ಆಟಗಾರ’ ಅಂತ ನೀವೇ ಬರೆಯುತ್ತಿದ್ದಿರಿ. ಮುದುಕ ಅನ್ನುವುದಕ್ಕೆ ಅದು ಮರ್ಯಾದೆಯ ಪದ ಅಂತ ನನಗೂ ಗೊತ್ತು. ಅದನ್ನೇ ಇಟ್ಟುಕೊಳ್ಳಿ, ಏನೂ ಬೇಜಾರಿಲ್ಲ.

ಎರಡನೆಯದು, ಇಟಲಿ ಪಂದ್ಯದ ಫಲಿತಾಂಶ ನಮ್ಮ ಮೈಸೂರು ಆವೃತ್ತಿಗೆ ಒಂದು ದಿನ ತಡವಾಗಿ ಬರುತ್ತದೆ. ಪುಟ ಬೇಗ ಮುಗಿಸಬೇಕು, ವ್ಯಾನ್ ಹೊರಡಬೇಕು, ಅದೆಲ್ಲ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ನನ್ನ ಲೈನಿನಲ್ಲಿ ನಾಲ್ಕು ಮನೆಯವರು ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರವೇ ನಿಂತಿರುತ್ತಾರೆ. ಪೇಪರ್ ಕೈಗೆ ತೆಗೆದುಕೊಂಡು, ಬಿಚ್ಚದೆ, ನನ್ನನ್ನೇ ಕೇಳುತ್ತಾರೆ: ‘ಏನಾಯ್ತು ಮಿಲಾನ್?’ ನಿಂತು ಹೇಳಿ ಹೋಗುವಷ್ಟರಲ್ಲಿ ಮುಂದಿನ ಬೀದಿಗೆ ತಡವಾಗುತ್ತದೆ, ಅಲ್ಲಿಯವರು ನನ್ನ ಮೇಲೆ ಕೂಗಾಡುತ್ತಾರೆ.

ಇಂತಿ,
ಒಬ್ಬ ಪತ್ರಿಕಾ ವಿತರಕ
ಕುವೆಂಪುನಗರ, ಮೈಸೂರು