ಹರ್ನಿಯಾ: ಎರಡೂ ದಾರಿ ಹೇಳಿ

ಮಾನ್ಯರೇ,

ನಮ್ಮಪ್ಪನಿಗೆ 71 ವರ್ಷ. ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆ ಸಡಿಲವಾಗಿ ಒಳಗಿನದ್ದು ಹೊರಗೆ ತಳ್ಳಿಕೊಂಡು, ಬಲಗಡೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಾಗ, ಮಲಗಿದರೆ ಒಳಗೆ ಹೋಗುತ್ತದಲ್ಲ ಅಂತ ಎರಡು ವರ್ಷ ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಕೊನೆಗೆ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. 'ಲ್ಯಾಪ್ರೊಸ್ಕೋಪಿ ಮಾಡೋಣ, ಈಗ ಯಾರೂ ಕೊಯ್ದು ಮಾಡಲ್ಲ' ಎಂದರು. ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್; ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಬೀಡಿ ಸೇದಿ ಶ್ವಾಸಕೋಶ ಹಾಳಾಗಿರುವ ಮನುಷ್ಯನಿಗೆ ಹಾಗೆ ಮಾಡುವುದು ಸರಿಯಾ ಎಂಬ ಮಾತೇ ಅಲ್ಲಿ ಬರಲಿಲ್ಲ. ಆಮೇಲೆ ಬೇರೆ ಕಡೆ ಬರೀ ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೊಯ್ದು, ಸಡಿಲವಾದ ಜಾಗಕ್ಕೆ ಆಸರೆಯಾಗಿ ಬಲೆ (ಮೆಶ್) ಕೂರಿಸಿದರು. ಅಪ್ಪ ಮಾತಾಡುತ್ತಲೇ ಇದ್ದರು, ಮರುದಿನ ಮನೆಗೆ ಬಂದರು.

'ಯಾರೂ ಮಾಡಲ್ಲ' ಅನ್ನುವುದು ತಪ್ಪು. ಹಿಂದೆ ಸಡಿಲವಾದ ಜಾಗವನ್ನು ಎಳೆದು ಹೊಲಿಯುತ್ತಿದ್ದರು, ಹೊಲಿಗೆ ಜಗ್ಗಿ ಎಷ್ಟೋ ಜನರಿಗೆ ಹರ್ನಿಯಾ ವಾಪಸ್ ಬರುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಎಂಬ ಸರ್ಜನ್, ಏನನ್ನೂ ಎಳೆಯದೆ ಮೇಲೊಂದು ಬಲೆ ಇಟ್ಟು ಹೊಲಿಯುವ ವಿಧಾನ ತಂದರು. ಇವತ್ತಿಗೂ ಪ್ರಪಂಚದೆಲ್ಲೆಡೆ ಅದನ್ನು ಮಾಡುತ್ತಾರೆ. ಲ್ಯಾಪ್ರೊಸ್ಕೋಪಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನೋವು ಕಡಿಮೆ, ಬೇಗ ಕೆಲಸಕ್ಕೆ ಹೋಗಬಹುದು. ಎರಡೂ ಕಡೆ ಹರ್ನಿಯಾ ಇದ್ದವರಿಗೆ, ಮೊದಲು ಕೊಯ್ದು ಮಾಡಿದ್ದು ಮತ್ತೆ ಬಂದವರಿಗೆ, ಹೆಂಗಸರಿಗೆ ಅದೇ ಸಾಮಾನ್ಯವಾಗಿ ಒಳ್ಳೆಯದು. ಆದರೆ ಅದಕ್ಕೆ ಕೈ ಪಳಗಿರಬೇಕು, ಕಲಿಯಲು ಜಾಸ್ತಿ ಕಾಲ ಬೇಕು. 'ನೀವು ಇದನ್ನು ಎಷ್ಟು ಮಾಡಿದ್ದೀರಿ ಡಾಕ್ಟ್ರೇ' ಅಂತ ಕೇಳಲು ನಾವು ಹೆದರಬಾರದು.

ದುಡ್ಡಿನ ಮಾತೂ ಇದೆ. ಮಹಾರಾಷ್ಟ್ರದ ದೊಂಡಾಯಿಚಾದ ಡಾ. ರವೀಂದ್ರನಾಥ ಟೊಂಗಾಂವಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಿ ಮಾಡಿ ಬಲೆಯಾಗಿ ಬಳಸಿದರು. ಆಮೇಲೆ ಉಗಾಂಡದಲ್ಲಿ ಅಂಥ ಅಗ್ಗದ ಬಲೆಯನ್ನು ಕಂಪನಿ ಬಲೆಯ ಜೊತೆ ಹೋಲಿಸಿ ನೋಡಿದರು. 2016ರಲ್ಲಿ ಬಂದ ಆ ಫಲಿತಾಂಶದಲ್ಲಿ, ಒಂದು ವರ್ಷದ ನಂತರ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಿರುವಾಗ ಬಡವರ ಬಿಲ್‌ನಲ್ಲಿ ದುಬಾರಿ ಬಲೆ ಯಾಕೆ ಬೇಕು ಅಂತ ಯಾರಾದರೂ ವಿವರಿಸಬೇಕಲ್ವಾ?

ನಿಮ್ಮ ಆರೋಗ್ಯ ಪುಟದಲ್ಲಿ ಕೊಯ್ದು ಮಾಡುವುದು, ಲ್ಯಾಪ್ರೊಸ್ಕೋಪಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾರಿಗೆ ಯಾವುದು, ಎಷ್ಟು ಖರ್ಚು ಎಂದು ಬರೆಸಿ. ಇನ್ನೊಂದನ್ನೂ ದಪ್ಪಕ್ಷರದಲ್ಲಿ ಹಾಕಿ: ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನೋವು, ವಾಂತಿ ಶುರುವಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

— ಒಬ್ಬ ರೈತನ ಮಗಳು, ತಿಪಟೂರು