ಕೆಲಸ ಸಿಕ್ಕ ಮೇಲೂ ಮುಗಿಯದ ಕಷ್ಟ: ರಾಜ್ಯದ ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಟ್ರಾನ್ಸ್ ಮಹಿಳೆ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಇದೆಯಲ್ಲ, ಇನ್ನೇನು ಕಷ್ಟ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕೇ ಈ ಪತ್ರ.

ಕಚೇರಿಯಲ್ಲಿ ನಾನು ನೀರು ಕುಡಿಯುವುದೇ ಕಡಿಮೆ. ಹೆಂಗಸರ ಶೌಚಾಲಯಕ್ಕೆ ಹೋಗುತ್ತಿದ್ದೆ. ಯಾರೋ ದೂರು ಕೊಟ್ಟರು. "ಕೆಳಗಿನ ಮಹಡಿಯದ್ದು ಬಳಸಿ, ಸುಮ್ನೆ ಗಲಾಟೆ ಯಾಕೆ" ಅಂದರು ಮೇಲಿನವರು. ಅದರ ಚಿಲಕ ಕಿತ್ತುಹೋಗಿದೆ. ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಇರಬೇಕು. ಪಕ್ಕದ ಮೇಜಿನ ಅಕ್ಕ ಒಬ್ಬರು ನನ್ನ ಜೊತೆ ಇಳಿದು ಬಂದು ಹೊರಗೆ ಕಾವಲು ನಿಲ್ಲುತ್ತಾರೆ. ಅವರ ಋಣ ದೊಡ್ಡದು. ಅವರು ರಜೆ ಹಾಕಿದ ದಿನ ನಾನು ಬಾಟಲಿ ಮುಟ್ಟುವುದಿಲ್ಲ. ಎರಡು ಸಲ ಉರಿಮೂತ್ರವಾಗಿ ಮಲಗಿದ್ದೇನೆ. ರಜೆ ಅರ್ಜಿಯಲ್ಲಿ ಜ್ವರ ಅಂತ ಬರೆದೆ.

ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಚೀಟಿಯಲ್ಲಿ ನನ್ನ ಹೆಸರಿದೆ. ಕಂಪನಿಯ ಐಡಿ ಕಾರ್ಡಿನಲ್ಲಿ ಇನ್ನೂ ಹಳೆಯ ಹೆಸರೇ. ಕಾರ್ಡು ತಿರುಗಿಸಿಕೊಂಡೇ ಓಡಾಡುತ್ತೇನೆ. ಗೇಟಿಗೆ ಹೊಸ ಗಾರ್ಡ್ ಬಂದ ದಿನ ಅದನ್ನು ನೆಟ್ಟಗೆ ಮಾಡಿ, ಗಟ್ಟಿಯಾಗಿ ಓದಿ, ನನ್ನ ಮುಖ ನೋಡುತ್ತಾನೆ. ಹಿಂದೆ ಸಾಲಿನಲ್ಲಿದ್ದವರೂ ನೋಡುತ್ತಾರೆ. ಆ ದಿನ ಪೂರ್ತಿ ಲೆಕ್ಕ ತಪ್ಪುತ್ತದೆ.

ಕಾನೂನು ಇಲ್ಲ ಅಂತಲ್ಲ. 2014ರಲ್ಲೇ ಸುಪ್ರೀಂ ಕೋರ್ಟ್ ನಮ್ಮ ಗುರುತನ್ನು ಒಪ್ಪಿತು. ಟ್ರಾನ್ಸ್‌ಜೆಂಡರ್ ಜನರ ಹಕ್ಕುಗಳ ರಕ್ಷಣೆಗೆ ಬಂದ 2019ರ ಕಾಯ್ದೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನುತ್ತದೆ. ಅದರಡಿ ಬಂದ 2020ರ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು. ಶೌಚಾಲಯದ ವ್ಯವಸ್ಥೆಯೂ ಅದರಲ್ಲಿರಬೇಕು. ಒಬ್ಬ ದೂರು ಅಧಿಕಾರಿ ಇರಬೇಕು, ದೂರು ಬಂದ 15 ದಿನದೊಳಗೆ ವಿಚಾರಣೆ ಮುಗಿಸಬೇಕು. ನಮ್ಮ ಕಚೇರಿಯಲ್ಲಿ ಆ ಅಧಿಕಾರಿ ಯಾರು ಅಂತ ಕೇಳಿದೆ. "ಹಾಗಂದ್ರೆ ಏನು?" ಅಂದರು.

2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಅದಕ್ಕೆ ಮನಸಾರೆ ಧನ್ಯವಾದ. ಆದರೆ ನೇಮಕಾತಿ ಆದೇಶ ಒಂದೇ ಸಾಲದು. 2017ರಲ್ಲಿ ಕೊಚ್ಚಿ ಮೆಟ್ರೋ ನಮ್ಮವರು 23 ಮಂದಿಗೆ ಕೆಲಸ ಕೊಟ್ಟಾಗ ನಾವೆಲ್ಲ ಎಷ್ಟು ಹಿಗ್ಗಿದ್ದೆವು! ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರು ಬಿಟ್ಟರು. ಬಾಡಿಗೆಗೆ ಮನೆ ಕೊಡುವವರಿರಲಿಲ್ಲ.

ನಿಮ್ಮ ಇಲಾಖೆಯ ಕಾರ್ಮಿಕ ನಿರೀಕ್ಷಕರು ಕಂಪನಿಗಳಿಗೆ ಹೋಗಿ ಹಾಜರಿ ಪುಸ್ತಕ, ಸಂಬಳದ ಪುಸ್ತಕ ನೋಡುತ್ತಾರೆ ಅಲ್ವಾ? ಹಾಗೆ ಹೋದಾಗ ಇದನ್ನೂ ನೋಡಲು ಹೇಳಿ. ನೀತಿ ಎಲ್ಲಿ ಹಾಕಿದ್ದೀರಿ, ದೂರು ಅಧಿಕಾರಿ ಯಾರು ಅಂತ ಕೇಳಲಿ. ನಾವು ಬಳಸುವ ಶೌಚಾಲಯದ ಬಾಗಿಲನ್ನು ಒಮ್ಮೆ ಒಳಗಿನಿಂದ ಹಾಕಿ ನೋಡಲಿ. ಒಂದು ಸುತ್ತೋಲೆ ಸಾಕು. ಇದೇ ತಿಂಗಳು ಹೊರಡಿಸಿ.

ನನ್ನ ಹೆಸರು ಹಾಕಿಲ್ಲ, ಕ್ಷಮಿಸಿ. ಈ ಕೆಲಸ ನನಗೆ ಬೇಕು.

ಇಂತಿ,
ನಿಮ್ಮ ರಾಜ್ಯದ ಒಬ್ಬ ಕೆಲಸಗಾರ್ತಿ